ಸುಣ್ಣ ಎರಚಲು ಲಕ್ಷ ರೂಪಾಯಿಯ ಯಂತ್ರ ಬೇಕಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಮೂರು ಎಕರೆ ಅಡಿಕೆ ತೋಟ, ಎರಡೂವರೆ ಎಕರೆ ಖುಷ್ಕಿ, ಅರ್ಧ ಎಕರೆ ಗದ್ದೆ ಇದೆ. ಖುಷ್ಕಿಯಲ್ಲಿ ಒಂದು ವರ್ಷ ಶುಂಠಿ, ಆಮೇಲೆ ಮೆಕ್ಕೆಜೋಳ. ಮಣ್ಣು ಪರೀಕ್ಷೆ ಮಾಡಿಸಿದಾಗ ಖುಷ್ಕಿಯ ರಸಸಾರ (ಪಿಎಚ್, 7ಕ್ಕಿಂತ ಕಡಿಮೆ ಇದ್ದರೆ ಹುಳಿ ಮಣ್ಣು) 4.8, ತೋಟದ್ದು 5.3 ಬಂತು. ಖುಷ್ಕಿಗೆ ಎಕರೆಗೆ 800 ಕಿಲೊ, ತೋಟಕ್ಕೆ ಎಕರೆಗೆ 500 ಕಿಲೊ ಕೃಷಿ ಸುಣ್ಣ ಹಾಕಲು ಬರೆದಿದ್ದಾರೆ. ಆಳು ಸಿಗುವುದಿಲ್ಲ. ಟ್ರ್ಯಾಕ್ಟರ್‌ಗೆ ಜೋಡಿಸುವ ಸುಣ್ಣ ಎರಚುವ ಯಂತ್ರ ವಿಚಾರಿಸಿದರೆ ಬೆಲೆ ಲಕ್ಷ ದಾಟುತ್ತದೆ. ಕಡಿಮೆ ಬೆಲೆಯ ಯಂತ್ರ ಯಾವುದಿದೆ? ಗೊಬ್ಬರ ಎರಚುವ ಯಂತ್ರವನ್ನೇ ಬಳಸಬಹುದೇ? ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಪಂಪಿನಲ್ಲಿ ಸುಣ್ಣದ ನೀರು ಬಿಟ್ಟರೆ ಆಗುತ್ತದೆಯೇ? ಸಬ್ಸಿಡಿ ಸಿಗುತ್ತದೆಯೇ?

ಉತ್ತರ: ಆ ಲಕ್ಷದ ಯಂತ್ರ ನಿಮಗೆ ಬೇಡ. ನಿಮ್ಮ ಲೆಕ್ಕ ನೋಡಿ. ಖುಷ್ಕಿಗೆ ಎರಡು ಟನ್, ತೋಟಕ್ಕೆ ಒಂದೂವರೆ ಟನ್. ಸುಣ್ಣ ಪ್ರತಿ ವರ್ಷ ಹಾಕುವಂಥದ್ದಲ್ಲ. ಒಮ್ಮೆ ಸರಿಯಾಗಿ ಹಾಕಿದರೆ ಎರಡು ಮೂರು ವರ್ಷ ಬಿಟ್ಟು ಮತ್ತೆ ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಯೋಚನೆ ಮಾಡಿದರೆ ಸಾಕು. ಅಂದರೆ ಯಂತ್ರ ಒಂದು ದಿನ ದುಡಿದು ಉಳಿದ ವರ್ಷಗಳೆಲ್ಲ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಅದೂ ಖುಷ್ಕಿಗೆ ಮಾತ್ರ. ಅಡಿಕೆ ತೋಟದ ಒಳಗೆ, ಬಸಿಗಾಲುವೆ ದಾಟಿಸಿ ಟ್ರ್ಯಾಕ್ಟರ್ ತರುವುದು ಹೇಗೂ ಆಗದ ಮಾತು.

ಯಂತ್ರಕ್ಕಿಂತ ಮೊದಲು ಪುಡಿಯ ಮಾತಾಡೋಣ. ಯಾವ ಯಂತ್ರ ನಡೆಯುತ್ತದೆ, ಯಾವುದು ಕೈ ಕೊಡುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಆ ಪುಡಿಯೇ. ನಿಮಗೆ ಬರೆದುಕೊಟ್ಟ ಕೃಷಿ ಸುಣ್ಣ ಅಂದರೆ ಸುಣ್ಣದ ಕಲ್ಲನ್ನು ಸುಡದೆ ನುಣ್ಣಗೆ ಅರೆದ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. ಡಾಲಮೈಟ್ ಪುಡಿಯೂ ಅದೇ ಜಾತಿ, ಅದರಲ್ಲಿ ಮೆಗ್ನೀಸಿಯಂ ಕೂಡ ಇರುತ್ತದೆ. ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ಬೆಲೆ ಹತ್ತಿರ ಹತ್ತಿರ ಇದ್ದರೆ ನಾನು ಡಾಲಮೈಟನ್ನೇ ತರಿಸಲು ಹೇಳುತ್ತೇನೆ. ಪರೀಕ್ಷೆಯಲ್ಲಿ ಮೆಗ್ನೀಸಿಯಂ ಸಾಕಷ್ಟಿದೆ ಅಂತ ಬಂದಿದ್ದರೆ ಮಾತ್ರ ಸಾದಾ ಕೃಷಿ ಸುಣ್ಣ ಸಾಕು.

ಸುಟ್ಟ ಸುಣ್ಣ, ಅರಳಿಸಿದ ಸುಣ್ಣ ಬೇರೆ. ಇವು ಜೋರು. ಶುದ್ಧ ಕಾರ್ಬೊನೇಟಿನ ಶಕ್ತಿಯನ್ನು 100 ಅಂತ ಇಟ್ಟುಕೊಂಡರೆ ಅರಳಿಸಿದ ಸುಣ್ಣದ್ದು ಸುಮಾರು 135, ಸುಟ್ಟ ಸುಣ್ಣದ್ದು ಸುಮಾರು 179. ಅಂದರೆ 800 ಕಿಲೊ ಕೃಷಿ ಸುಣ್ಣದ ಕೆಲಸವನ್ನು 600 ಕಿಲೊ ಅರಳಿಸಿದ ಸುಣ್ಣ ಮಾಡುತ್ತದೆ. ಸಾಗಾಟದ ಖರ್ಚು ಜಾಸ್ತಿ ಇರುವ ಕಡೆ ಇದು ಲಾಭ ಅನಿಸಬಹುದು. ಆದರೆ ಮೈ ಬೆವರಿಗೆ, ಕಣ್ಣಿಗೆ ಇವು ಸುಡುತ್ತವೆ. ಕೈಯಿಂದ ಎರಚುವವರಿಗೆ ನಾನು ಇವನ್ನು ಹೇಳುವುದೇ ಇಲ್ಲ. ಸುಟ್ಟ ಸುಣ್ಣದ ಚೀಲಕ್ಕೆ ನೀರು ತಾಗಿದರೆ ಬೆಂಕಿ ಹತ್ತುವಷ್ಟು ಕಾವು ಏರುತ್ತದೆ, ಹುಲ್ಲಿನ ಅಟ್ಟದ ಹತ್ತಿರವಂತೂ ಇಡಲೇಬೇಡಿ. ಇನ್ನೊಂದು ವಿಷಯ. ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವ ಜಿಪ್ಸಂ ಬೆಳ್ಳಗಿರುತ್ತದೆ, ಅದರಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದು ಹುಳಿ ಮಣ್ಣಿನ ರಸಸಾರ ಏರಿಸುವುದಿಲ್ಲ. ಎರಡೂ ಒಂದೇ ಅಂದುಕೊಂಡು ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೊಬ್ಬರ ಎರಚುವ ಯಂತ್ರ ನಡೆಯುತ್ತದೆಯೇ? ಟ್ರ್ಯಾಕ್ಟರ್ ಹಿಂದೆ ಮೂರು ಕೊಂಡಿಗೆ ಸಿಕ್ಕಿಸುವ, ಕೆಳಗೆ ತಟ್ಟೆ ತಿರುಗುವ, ಆಲಿಕೆಯಂಥ ಯಂತ್ರ ಇದೆಯಲ್ಲ, ಅದು ಸುಣ್ಣದ ಯಂತ್ರಕ್ಕಿಂತ ಅಗ್ಗ. ಹತ್ತಾರು ಸಾವಿರದಲ್ಲಿ ಸಿಗುತ್ತದೆ. ಯೂರಿಯಾ, ಡಿಎಪಿಗೆ ಒಳ್ಳೆಯದು. ಹರಳು ಉರುಳುತ್ತದೆ, ತೂತಿನಿಂದ ಒಂದೇ ಸಮ ಇಳಿಯುತ್ತದೆ, ತಟ್ಟೆಗೆ ಬಿದ್ದರೆ ದೂರ ಹಾರುತ್ತದೆ. ಪುಡಿ ಸುಣ್ಣ ಹಾಗಲ್ಲ. ಆಲಿಕೆಯ ಒಳಗೆ ಅದು ಕಮಾನು ಕಟ್ಟಿಕೊಂಡು ನಿಂತುಬಿಡುತ್ತದೆ. ಕೆಳಗೆ ಖಾಲಿ, ಮೇಲೆ ಗಟ್ಟಿ. ಚಾಲಕನಿಗೆ ಗೊತ್ತಾಗುವುದಿಲ್ಲ, ಟ್ರ್ಯಾಕ್ಟರ್ ಸುಮ್ನೆ ಓಡುತ್ತಿರುತ್ತದೆ. ಹಿಂದಿನಿಂದ ಯಾರಾದರೂ ಕೋಲು ಹಾಕಿ ತಿವಿದರೆ ಧಸಕ್ಕನೆ ಒಂದೇ ಕಡೆ ಸುರಿಯುತ್ತದೆ. ಯಂತ್ರ ತಿರುಗುವಾಗ ಕೋಲು ಹಾಕುವುದು ಎಷ್ಟು ಅಪಾಯ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಪೂರ್ತಿ ಒಣಗಿದ ಪುಡಿಯಾದರೆ ಇನ್ನೊಂದು ತೊಂದರೆ. ಕೆಳಗೆ ಬೀಳುವುದಕ್ಕಿಂತ ಗಾಳಿಗೆ ಹೋಗುವುದೇ ಜಾಸ್ತಿ.

ಹಾಗಂತ ಪೂರ್ತಿ ಕೈಬಿಡಬೇಕಾಗಿಲ್ಲ. ಪಕ್ಕದವರ ಹತ್ತಿರ ಇಂಥ ಯಂತ್ರ ಇದ್ದು, ಅದರ ಒಳಗೆ ಪುಡಿ ಕಲಕುವ ಕಡ್ಡಿ ಇದ್ದರೆ ಒಮ್ಮೆ ಕಾಲು ಭಾಗ ತುಂಬಿಸಿ ನೋಡಿ. ಮೊದಲು ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ಕಟ್ಟಿ ನಿಂತರೆ ಆ ಯಂತ್ರದಲ್ಲಿ ಅದು ಇಳಿಯುವುದಿಲ್ಲ, ಅಲ್ಲಿಗೇ ಬಿಡಿ. ಪುಡಿಯನ್ನು ಗುಳಿಗೆ ಮಾಡಿ ಮಾರುವ ಸುಣ್ಣ ಈ ಯಂತ್ರದಲ್ಲಿ ಚೆನ್ನಾಗಿ ಹೋಗುತ್ತದೆ, ಆದರೆ ಅದರ ಬೆಲೆ ಪುಡಿಗಿಂತ ತುಂಬಾ ಜಾಸ್ತಿ. ಯಂತ್ರದಲ್ಲಿ ಉಳಿಸಿದ್ದನ್ನು ಸುಣ್ಣದಲ್ಲಿ ಕಳೆದ ಹಾಗೆ.

ಕೊರಳಿಗೆ ಹಾಕಿಕೊಂಡು ಹಿಡಿಕೆ ತಿರುಗಿಸುವ ಕೈಯಂತ್ರ ಕೆಲವು ಸಾವಿರಕ್ಕೆ ಸಿಗುತ್ತದೆ. ಬೀಜಕ್ಕೆ ಸರಿ, ಸುಣ್ಣಕ್ಕೆ ಬೇಡ. ಒಂದು ಸಲಕ್ಕೆ ಹತ್ತು ಹನ್ನೆರಡು ಕಿಲೊ ಹಿಡಿದರೂ ಎರಡು ಟನ್ ಮುಗಿಸಲು ಎಷ್ಟು ಸಲ ತುಂಬಬೇಕು ಲೆಕ್ಕ ಹಾಕಿ. ಧೂಳು ನೇರ ಮುಖಕ್ಕೆ ಬರುತ್ತದೆ. ಬೆನ್ನಿಗೆ ಹಾಕುವ ಪುಡಿ ಊದುವ ಯಂತ್ರ, ಡ್ರೋನ್ ಇವೂ ಅಷ್ಟೇ. ಎಕರೆಗೆ ಕೆಲವೇ ಕಿಲೊ ಹಾಕುವ ವಸ್ತುಗಳಿಗೆ ಇವು ಇರುವುದು.

ಬೋರ್ಡೊ ಪಂಪಿನ ಯೋಚನೆ ಬಹಳ ಜನಕ್ಕೆ ಬರುತ್ತದೆ, ಯಾಕೆಂದರೆ ಪಂಪು, ಪೈಪು, ಡ್ರಮ್ಮು ಎಲ್ಲ ಮನೆಯಲ್ಲೇ ಇರುತ್ತದೆ. ಆದರೆ ಬೋರ್ಡೊ ದ್ರಾವಣದಲ್ಲಿ 100 ಲೀಟರ್ ನೀರಿಗೆ ಇರುವುದು ಒಂದು ಕಿಲೊ ಸುಣ್ಣ. ಆ ತೆಳುವಿನಲ್ಲಿ 800 ಕಿಲೊ ಹಾಕಬೇಕಾದರೆ ಎಕರೆಗೆ 80,000 ಲೀಟರ್ ನೀರು ಬೇಕು! ಗಟ್ಟಿ ಮಾಡಿ ಕಲಸಿದರೆ ನಾಜಲ್ ಕಟ್ಟುತ್ತದೆ, ಪಂಪಿನ ವಾಲ್ವ್, ಸೀಲು ಸವೆಯುತ್ತದೆ. ಅರೆದ ಕಲ್ಲಿನ ಪುಡಿ ಅದು, ನೀರಿನಲ್ಲಿ ಕರಗುವುದಿಲ್ಲ. ಒಂದೂವರೆ ಟನ್ ಸುಣ್ಣಕ್ಕೋಸ್ಕರ ಕೊಳೆ ಔಷಧಿ ಹೊಡೆಯುವ ಪಂಪನ್ನು ಹಾಳು ಮಾಡಿಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು? ಖುಷ್ಕಿ ಮತ್ತು ತೋಟ, ಎರಡಕ್ಕೂ ಬೇರೆ ಬೇರೆ ದಾರಿ.

ಖುಷ್ಕಿಗೆ ನನ್ನ ಮೊದಲ ಸಲಹೆ ಹಗ್ಗ, ನಾಲ್ಕು ಗೂಟ, ಒಂದು ತೂಕದ ಕೊಕ್ಕೆ. ನಗಬೇಡಿ. ಸುಣ್ಣ ಹಾಕುವುದರಲ್ಲಿ ಕಷ್ಟ ಇರುವುದು ಎರಚುವುದರಲ್ಲಿ ಅಲ್ಲ, ಸಮನಾಗಿ ಎರಚುವುದರಲ್ಲಿ. ಎಕರೆಗೆ 800 ಕಿಲೊ ಅಂದರೆ ಗುಂಟೆಗೆ 20 ಕಿಲೊ. ಗುಂಟೆ ಅಂದರೆ 33 ಅಡಿಗೆ 33 ಅಡಿ. ಗೂಟ ಹೊಡೆದು, ಹಗ್ಗ ಎಳೆದು ಗುಂಟೆ ಗುಂಟೆ ಚೌಕ ಮಾಡಿ. ಬಾಡಿಗೆ ಟ್ರೇಲರ್‌ನಲ್ಲಿ ಸುಣ್ಣ ತುಂಬಿಕೊಂಡು ಹೋಗಿ ಪ್ರತಿ ಚೌಕಕ್ಕೆ 20 ಕಿಲೊ ಇಳಿಸಿ. 50 ಕಿಲೊ ಚೀಲವಾದರೆ ಎರಡು ಚೀಲಕ್ಕೆ ಐದು ಚೌಕ. ಆ 20 ಕಿಲೊದಲ್ಲಿ ಅರ್ಧವನ್ನು ಉದ್ದಕ್ಕೆ ನಡೆಯುತ್ತಾ, ಇನ್ನರ್ಧವನ್ನು ಅಡ್ಡಕ್ಕೆ ನಡೆಯುತ್ತಾ ಎರಚಿ. ಮೊದಲ ಸುತ್ತಿನಲ್ಲಿ ಎಲ್ಲಿ ಕಡಿಮೆ ಬಿತ್ತೋ ಎರಡನೇ ಸುತ್ತು ಅದನ್ನು ತುಂಬುತ್ತದೆ. ಇಬ್ಬರು ಸೇರಿದರೆ ಒಂದು ಎಕರೆ ದಿನದೊಳಗೆ ಮುಗಿಯುತ್ತದೆ. ಅಗಲ ಬಾಯಿಯ ಸಲಿಕೆಯಿಂದ ಬೀಸಿ ಎರಚಿದರೂ ಆಯಿತು, ಬುಟ್ಟಿಯಿಂದ ಕೈಯಲ್ಲಿ ಎರಚಿದರೂ ಆಯಿತು.

ಟ್ರೇಲರ್ ಮೇಲೆ ನಿಂತು, ಗಾಡಿ ಓಡುತ್ತಿರುವಾಗಲೇ ಸಲಿಕೆಯಲ್ಲಿ ಎಸೆಯುವುದನ್ನು ಕಂಡಿದ್ದೇನೆ. ಬೇಗ ಆಗುತ್ತದೆ, ನಿಜ. ಆದರೆ ಗಾಡಿ ಹೋದ ಎರಡೂ ಪಕ್ಕ ಬಿಳಿ ಗೆರೆ, ನಡುವೆ ಕೆಂಪು ಮಣ್ಣು. ಮುಂದೆ ಬಿಳಿ ಗೆರೆಯ ಜಾಗದಲ್ಲಿ ಸುಣ್ಣ ಅತಿಯಾಗಿ ಸತು, ಬೋರಾನ್, ಕಬ್ಬಿಣ ಬೇರಿಗೆ ಸಿಗದೆ ಎಲೆ ಹಳದಿಯಾಗುತ್ತದೆ. ನಡುವಿನಲ್ಲಿ ಹುಳಿ ಹಾಗೇ ಉಳಿಯುತ್ತದೆ. ಸರಾಸರಿ ಮಾತ್ರ 800 ಕಿಲೊ!

ಇಷ್ಟು ಕೈ ಕೆಲಸ ಆಗದು ಅನಿಸಿದರೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದಾದ ಒಂದು ಸಾಧನ ಹೇಳುತ್ತೇನೆ. 200 ಲೀಟರ್‌ನ ತಗಡಿನ ಡ್ರಮ್ ಉದ್ದ ಹೆಚ್ಚುಕಡಿಮೆ ಮೂರು ಅಡಿ. ಅದನ್ನು ಅಡ್ಡ ಮಲಗಿಸಿ ನಡುವೆ ಕಬ್ಬಿಣದ ಪೈಪಿನ ಅಚ್ಚು ಹಾಕಿಸಿ. ಸುತ್ತ ಸಾಲು ಸಾಲಾಗಿ ತೂತು. ತುಂಬಲು ಪಕ್ಕದಲ್ಲಿ ಒಂದು ಬಾಗಿಲು, ಅದಕ್ಕೆ ಬಿಗಿ ಚಿಲಕ. ಎರಡೂ ತುದಿಗೆ ಎರಡಿಂಚು ಎತ್ತರ ಬರುವ ಹಾಗೆ ದಪ್ಪ ಪಟ್ಟಿಯ ಬಳೆ ಬೆಸೆಯಿಸಿ. ಈ ಬಳೆ ಮರೆಯಬೇಡಿ. ಇಲ್ಲದಿದ್ದರೆ ಡ್ರಮ್ಮೇ ನೆಲಕ್ಕೆ ತಾಗಿ ಮಣ್ಣು ಮೆತ್ತಿ ತೂತು ಮುಚ್ಚಿಹೋಗುತ್ತದೆ. ಅಚ್ಚಿಗೆ ಒಂದು ಮೂಕಿ ಸಿಕ್ಕಿಸಿದರೆ ಇಬ್ಬರು ಎಳೆಯಬಹುದು, ಪವರ್ ಟಿಲ್ಲರ್ ಹಿಂದೆಯೂ ಕಟ್ಟಬಹುದು. ಡ್ರಮ್ ಉರುಳುತ್ತಲೇ ಇರುವುದರಿಂದ ಪುಡಿ ಒಳಗೆ ಮಗುಚುತ್ತಲೇ ಇರುತ್ತದೆ, ಕಮಾನು ಕಟ್ಟಲು ಬಿಡುವುದಿಲ್ಲ. ಆಲಿಕೆ ಯಂತ್ರ ಸೋಲುವ ಜಾಗದಲ್ಲೇ ಇದು ಗೆಲ್ಲುವುದು. ಒಣ ಪುಡಿ ಬೇಕು ಅಷ್ಟೇ. ಒಂದು ಸಲಕ್ಕೆ ಒಂದು ಚೀಲಕ್ಕಿಂತ ಜಾಸ್ತಿ ತುಂಬಬೇಡಿ. ಪೂರ್ತಿ ತುಂಬಿದ ಡ್ರಮ್ 200 ಕಿಲೊ ದಾಟುತ್ತದೆ, ಇಳಿಜಾರಿನಲ್ಲಿ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ.

ಡ್ರಮ್ ಆರಿಸುವಾಗ ಎಚ್ಚರ. ಪೆಟ್ರೋಲ್, ಡೀಸೆಲ್, ಥಿನ್ನರ್ ಇದ್ದ ಡ್ರಮ್ಮಿಗೆ ಗ್ಯಾಸ್ ಕಟರ್ ಹಿಡಿದರೆ ಒಳಗೆ ಉಳಿದ ಆವಿಗೆ ಬೆಂಕಿ ತಗುಲಿ ಸಿಡಿಯುತ್ತದೆ. ವೆಲ್ಡಿಂಗ್‌ನವರು ಏನೂ ಆಗಲ್ಲ ಅಂದರೂ ಕೇಳಬೇಡಿ. ತಿನ್ನುವ ಎಣ್ಣೆಯದೋ, ಬೆಲ್ಲದ್ದೋ ಡ್ರಮ್ ಹುಡುಕಿ, ತೊಳೆದು ಕೊಡಿ. ಕೀಟನಾಶಕದ್ದೂ ಬೇಡ.

ತೂತು ಎಷ್ಟು ದೊಡ್ಡದಿರಬೇಕು? ಅದು ನಿಮ್ಮ ಪುಡಿಯ ಮೇಲೆ ಹೋಗುತ್ತದೆ. ಚಿಕ್ಕದಾಗಿ ಶುರು ಮಾಡಿ. ಒಂದು ಟಾರ್ಪಾಲ್ ಹಾಸಿ ಅದರ ಮೇಲೆ ಡ್ರಮ್ಮನ್ನು 33 ಅಡಿ ಎಳೆಯಿರಿ. ಬಿದ್ದ ಪುಡಿ ಗುಡಿಸಿ ತೂಗಿ. ಮೂರು ಅಡಿ ಅಗಲದ ಡ್ರಮ್ ಒಂದು ಗುಂಟೆ ಮುಗಿಸಲು 11 ಸಾಲು ಹೋಗಬೇಕು. 20 ಕಿಲೊವನ್ನು 11ರಿಂದ ಭಾಗಿಸಿ, ಒಂದು ಸಾಲಿಗೆ ಸುಮಾರು 1.8 ಕಿಲೊ. ಟಾರ್ಪಾಲ್ ಮೇಲೆ 900 ಗ್ರಾಂ ಬಿದ್ದರೆ ಇನ್ನೂ ಒಳ್ಳೆಯದೇ, ತೂತು ಹಿಗ್ಗಿಸಬೇಡಿ, ಉದ್ದ ಒಂದು ಸಲ ಅಡ್ಡ ಒಂದು ಸಲ ಹೋಗಿ. ಜಾಸ್ತಿ ಬಿದ್ದರೆ ಕೆಲವು ಸಾಲು ತೂತಿನ ಮೇಲೆ ಹಳೆ ಟ್ಯೂಬಿನ ಪಟ್ಟಿ ಬಿಗಿಯಿರಿ. ತುಂಬಿದ ಮೇಲೆ ಹೊಲಕ್ಕೆ ಒಯ್ಯುವಾಗಲೂ ಇಡೀ ಡ್ರಮ್ಮಿಗೆ ಟ್ಯೂಬ್ ಸುತ್ತಿಕೊಂಡೇ ಹೋಗಿ, ಇಲ್ಲದಿದ್ದರೆ ದಾರಿಗೇ ಸುಣ್ಣ ಹಾಕಿದ ಹಾಗಾಗುತ್ತದೆ. ಸಾಲಿನ ನಡುವೆ ನಿಲ್ಲಿಸಬೇಡಿ. ಎಳೆಯಲು ಶುರು ಮಾಡಿದರೆ ತುದಿಯಲ್ಲೇ ನಿಲ್ಲಬೇಕು.

ಎರಚಿದ ಮೇಲೆ ಖುಷ್ಕಿಯಲ್ಲಿ ಒಮ್ಮೆ ರೋಟವೇಟರ್ ಹೊಡೆಸಿ, ಅರ್ಧ ಅಡಿ ಮಣ್ಣಿನಲ್ಲಿ ಬೆರೆಯಬೇಕು. ಮೇಲೆ ಬಿದ್ದ ಸುಣ್ಣ ಮೇಲೇ ಉಳಿದರೆ ಕೆಳಗಿನ ಹುಳಿಗೆ ಅದು ತಲುಪುವುದು ತುಂಬಾ ನಿಧಾನ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸುಣ್ಣದ ಯಂತ್ರ ಸಿಗದಿದ್ದರೂ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಸಿಗುತ್ತದೆ. ನಿಮ್ಮ ದುಡ್ಡನ್ನು ಅಲ್ಲಿಗೆ ಹಾಕಿ. ಶುಂಠಿ ಹಾಕುವ ಮೂರು ನಾಲ್ಕು ವಾರ ಮೊದಲು ಇದು ಮುಗಿದಿರಲಿ. ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್ ಯಾವುದನ್ನೂ ಸುಣ್ಣದ ಜೊತೆ ಬೆರೆಸಬೇಡಿ. ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರ ಇರಲಿ.

ತೋಟಕ್ಕೆ ಯಾವ ಯಂತ್ರವೂ ಬೇಡ. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. 500 ಕಿಲೊವನ್ನು ಹಂಚಿದರೆ ಮರಕ್ಕೆ 900 ಗ್ರಾಂ ಚಿಲ್ಲರೆ. ಒಂದು ಹಳೆ ಪ್ಲಾಸ್ಟಿಕ್ ಡಬ್ಬ ತಗೊಂಡು 900 ಗ್ರಾಂ ತೂಗಿ ಹಾಕಿ, ಪುಡಿ ಎಲ್ಲಿಗೆ ಬಂತೋ ಅಲ್ಲಿ ಗೆರೆ ಹಾಕಿ, ಮೇಲಿನದನ್ನು ಕತ್ತರಿಸಿ. ಅದೇ ನಿಮ್ಮ ಅಳತೆ. ಒಂದು ಗಾಲಿಯ ಕೈಗಾಡಿಯಲ್ಲಿ ಚೀಲ ತಳ್ಳಿಕೊಂಡು ಸಾಲಿನಲ್ಲಿ ಹೋದರೆ ಒಬ್ಬರೇ ಮಾಡಬಹುದು. ಸೊಪ್ಪು, ದರಕು ಪಕ್ಕಕ್ಕೆ ಸರಿಸಿ, ಬುಡಕ್ಕೆ ರಾಶಿ ಹಾಕದೆ ಬುಡದಿಂದ ಸ್ವಲ್ಪ ದೂರದಲ್ಲಿ ಸುತ್ತ ಹರಡಿ, ಮೇಲೆ ಮೇಲೆ ಕೆದಕಿ ಬೆರೆಸಿ, ಸೊಪ್ಪು ಮತ್ತೆ ಮುಚ್ಚಿ. ಅಡಿಕೆಯ ಬೇರು ಮೇಲೇ ಇರುತ್ತದೆ, ಆಳಕ್ಕೆ ಗುದ್ದಲಿ ಹಾಕಬಾರದು. ಜೋರು ಮಳೆಯ ತಿಂಗಳುಗಳಲ್ಲಿ ಬೇಡ. ಮಳೆ ಕಡಿಮೆಯಾಗಿ ಮಣ್ಣಿನಲ್ಲಿ ಹಸಿ ಇರುವಾಗ ಹಾಕಿದರೆ ಒಳ್ಳೆಯದು.

ಸಬ್ಸಿಡಿ ವಿಷಯ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಯಂತ್ರಗಳಿಗೆ ಸಹಾಯಧನ ಇದೆ. ಅರ್ಜಿಗೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು. ಆದರೆ ಇಲಾಖೆ ಒಪ್ಪಿದ ಪಟ್ಟಿಯಲ್ಲಿರುವ ಕಂಪನಿ, ಮಾಡೆಲ್‌ಗೆ ಮಾತ್ರ ಸಿಗುತ್ತದೆ. ಹಳೆ ಯಂತ್ರಕ್ಕಾಗಲಿ, ವೆಲ್ಡಿಂಗ್ ಅಂಗಡಿಯ ಡ್ರಮ್ಮಿಗಾಗಲಿ ಸಿಗುವುದಿಲ್ಲ. ಅರ್ಧ ಸಬ್ಸಿಡಿ ಇದೆ ಅಂತ ಬೇಡದ ಯಂತ್ರ ಕೊಂಡರೆ ಉಳಿದರ್ಧ ನಿಮ್ಮ ಜೇಬಿನದು. ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಯಂತ್ರದ ಸಬ್ಸಿಡಿಗಿಂತ ಮೊದಲು ಕೃಷಿ ಸುಣ್ಣ ರಿಯಾಯಿತಿಯಲ್ಲಿ ಬಂದಿದೆಯಾ ಅಂತ ಕೇಳಿ.

ಊರಿನಲ್ಲಿ ಹತ್ತು ಹನ್ನೆರಡು ಮನೆಯವರು ಸೇರಿ ಲಾರಿ ಲೋಡ್ ತರಿಸುವುದಾದರೆ ಲೆಕ್ಕ ಬೇರೆ. ಸುಣ್ಣದ ಖರ್ಚಿನಲ್ಲಿ ಸಾಗಾಟದ ಪಾಲು ದೊಡ್ಡದು, ಬಾಗಲಕೋಟೆ ಕಡೆಯಿಂದ ಡಾಲಮೈಟ್ ಬರಬೇಕಾದರೆ ಗೊತ್ತೇ ಇದೆಯಲ್ಲ. ಒಟ್ಟಿಗೆ ತರಿಸಿದರೆ ಅಲ್ಲಿ ಉಳಿಯುತ್ತದೆ. ಖುಷ್ಕಿ ಎಲ್ಲರದೂ ಸೇರಿ ಮೂವತ್ತು ನಲವತ್ತು ಎಕರೆ ಇದ್ದರೆ ಮಾತ್ರ ಪಾಲಿನಲ್ಲಿ ಒಂದು ಯಂತ್ರ ಕೊಳ್ಳುವ ಮಾತಾಡಬಹುದು. ಆಗಲೂ ತಟ್ಟೆ ತಿರುಗುವುದನ್ನಲ್ಲ, ಉದ್ದ ಪೆಟ್ಟಿಗೆಯ ತಳದಿಂದ ನೇರ ಕೆಳಗೆ ಬೀಳಿಸುವ ಮಾದರಿಯನ್ನು ಕೊಳ್ಳಿ. ಧೂಳು ಕಡಿಮೆ, ಅಳತೆ ಸರಿಯಾಗಿರುತ್ತದೆ. ಹಳೆಯದು ನೋಡಲು ಹೋದರೆ ಪೆಟ್ಟಿಗೆಯ ತಳಕ್ಕೆ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ, ತುಕ್ಕು ಹಿಡಿದಿದ್ದರೆ ಪುಡಿ ಪುಡಿ ಉದುರುತ್ತದೆ. ಒಳಗಿನ ಕಲಕುವ ಅಚ್ಚನ್ನು ಕೈಯಿಂದ ತಿರುಗಿಸಿ. ತೂತಿನ ಅಗಲ ಹೊಂದಿಸುವ ಪಟ್ಟಿ ಸರಾಗವಾಗಿ ಜಾರಬೇಕು. ಹೊಸ ಬಣ್ಣ ಬಳಿದು ನಿಲ್ಲಿಸಿದ್ದರೆ ಸ್ವಲ್ಪ ಅನುಮಾನ ಇರಲಿ.

ಪುಡಿ ಕೊಳ್ಳುವಾಗ ಒಂದು ಸಣ್ಣ ಪರೀಕ್ಷೆ. ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ. ರವೆಯಂತೆ ಕೈಗೆ ಸಿಗುವ ಪುಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಅಗ್ಗ ಅಂತ ಅದನ್ನು ತರಬೇಡಿ.

ಎರಚುವ ದಿನ ಬೆಳಗ್ಗೆ, ಗಾಳಿ ಏಳುವ ಮೊದಲು ಶುರು ಮಾಡಿ. ಗಾಳಿ ಬೆನ್ನಿಗಿರಲಿ. ತುಂಬು ತೋಳಿನ ಅಂಗಿ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಕಾಲು ಗಂಟೆ ಧಾರಾಳ ನೀರು ಬಿಟ್ಟು ತೊಳೆದು ವೈದ್ಯರ ಹತ್ತಿರ ಹೋಗಿ.

ಗದ್ದೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಸಲ ದುಡ್ಡು ಸಾಲದಿದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ನೀರು ನಿಂತ ಗದ್ದೆಯಲ್ಲಿ ಹುಳಿ ಮಣ್ಣಿನ ರಸಸಾರ ಕೆಲವು ವಾರದಲ್ಲಿ ತಾನಾಗಿಯೇ ಮೇಲೇರುತ್ತದೆ. ಭತ್ತಕ್ಕೆ ಹುಳಿಯ ತೊಂದರೆ ಶುಂಠಿ, ಮೆಕ್ಕೆಜೋಳಕ್ಕೆ ಆಗುವಷ್ಟು ಆಗುವುದಿಲ್ಲ. ಮೊದಲು ಖುಷ್ಕಿ, ಆಮೇಲೆ ತೋಟ ಮುಗಿಸಿ. ಅರ್ಧ ಎಕರೆ ಗದ್ದೆಗೆ ಬೇರೆಯಾಗಿ ಮಣ್ಣು ತೆಗೆದು ಪರೀಕ್ಷೆಗೆ ಕೊಡಿ. ಖುಷ್ಕಿಯ ಅಳತೆಯನ್ನೇ ಅಲ್ಲಿಗೂ ಹಾಕಬೇಡಿ.